ಕೆರಿಕೋಣ

ತಿಕೋಟಾ ರಸ್ತೆ. ಬೆಳಗಿನ ಐದೂವರಿ.
ಮುಂದ ಸಾವಕ್ಕನ ಸೈಕಲ್ಲು,
ಅದಕ್ಕ ಎರಡು ಹಿಂದಿನ ಗಾಲಿ.
ಒಂದು ಖರೆ, ಒಂದು ಅದರ ದೆವ್ವ.
ನಾ ದೆವ್ವದ ಬೆನ್ನು ಹತ್ತಿದೆ.

ಮೊಣಕಾಲು ಒಡೀತು, ಹ್ಯಾಂಡಲ್ ಸೊಟ್ಟಾತು.
ಸರ್ ಬೈದರು: ಲಕ್ಷ್ಯ ಎಲ್ಲಿತ್ತವಾ ನಿಂದು?
ಲಕ್ಷ್ಯ ಇತ್ತು ಸರ್.
ಎರಡೆರಡು ಇತ್ತು.

ವರ್ಷದಾಗ ಮೂರು ಚಷ್ಮಾ.
ಅಂಗಡಿಯಾಂವ ಗಾಜು ತಿರುವಿ ತಿರುವಿ
'ಇದು ಚಲೋನೋ, ಇದು ಚಲೋನೋ' ಅಂತಿದ್ದ.
ಎರಡೂ ಕೆಟ್ಟೇ ಇದ್ದವು.
ಅವನ ಮುಖ ಬಾಡಬಾರದಂತ
ಒಂದಕ್ಕ ಹೂಂ ಅಂದೆ.

ಸಣ್ಣಾಕಿ ಇದ್ದಾಗಿಂದ ಕಣ್ಣಾಗ ತುರಿಕಿ.
ಅವ್ವ ಒಣದ್ರಾಕ್ಷಿ ಶೆಡ್ಡಿನಾಗ ದುಡಿಯಾಕಿ,
ಗಂಧಕದ ಹೊಗಿ ಅಕಿ ಸೀರಿ ಹಿಡಕೊಂಡು ಮನೀತನಾ ಬರತಿತ್ತು.
ನಾ ಮುಷ್ಟಿ ಕಟ್ಟಿ ಕಣ್ಣು ನಾದತಿದ್ದೆ,
ರೊಟ್ಟಿ ಹಿಟ್ಟು ನಾದಿದಂಗ.
ಏನು ಸುಖ ಅದು!
ಮುಚ್ಚಿದ ರೆಪ್ಪಿ ಒಳಗ ಚಿಕ್ಕಿ ಉದುರತಿದ್ದವು.

ಡಾಕ್ಟರಬಾಯಿ ಒಂದು ನಕಾಶಿ ತೋರಿಸಿದರು.
ಅಂಚಿಗೆ ನೀಲಿ, ಆಮ್ಯಾಲ ಹಸರು,
ನಡುವಿಗಿಂತ ಒಂಚೂರು ಕೆಳಗ
ಕೆಂಪಗ, ಬಾವು ಬಂದಂಗ.
'ಕಿಟಕ್ಯಾಗ ನೋಡು' ಅಂದರು.
ದೂರ ಗೋಳಗುಮ್ಮಟ.
'ಕಣ್ಣಿನ ಮುಂದಿನ ಪರದೆ ಹಂಗ ದುಂಡಗಿರಬೇಕು.
ನಿಂದು ತೆಳ್ಳಗಾಗಿ, ಮುಂದ ಬಂದು, ಚೂಪಾಗಾಕ ಹತ್ತೇತಿ.'
ಅಲ್ಲಿ ಒಂದು ಚಪ್ಪಾಳಿಗೆ ಏಳು ಚಪ್ಪಾಳಿ,
ನನಗ ಒಂದು ಬಲ್ಬಿಗೆ ಏಳು ಬಲ್ಬು;
ಲೆಕ್ಕ ಬರೋಬ್ಬರಿ ಐತಲ್ಲ ಅಂದುಕೊಂಡೆ.

ರೋಗದ ಹೆಸರು ಕೆರಟೋಕೋನಸ್.
ಅವ್ವ ಅದನ್ನ ಬಾಯಾಗ ಹಿಡಿಯಾಕ ಹೋಗಿ
'ಕೆರಿ... ಕೋಣ...' ಅಂದು ಕೈಬಿಟ್ಟಳು.
ಮನ್ಯಾಗ ಇವತ್ತಿಗೂ ಅದು ಕೆರಿಕೋಣ.
ನೀರಾಗ ಕುಂತದ್ದು,
ಹೊಡದರ ಏಳಂಗಿಲ್ಲ, ಕರದರ ಬರಂಗಿಲ್ಲ.

'ನಾ ತಿಕ್ಕಿದ್ದಕ್ಕ ಆತೇನ್ರಿ?'
'ಹುಟ್ಟಾ ಬಂದದ್ದೂ ಇರತೈತಿ, ತಿಕ್ಕಿದ್ದೂ ಕೂಡತೈತಿ.
ತಪ್ಪು ಹುಡುಕಬ್ಯಾಡ. ಕೈ ಹುಡುಕು,
ರಾತ್ರಿ ಅದು ಎಲ್ಲಿಗೆ ಹೋಗತೈತಿ ನೋಡು.'
ಅವತ್ತಿಂದ ಸೈಕಲ್ ಗ್ಲೌಸ್ ಹಾಕ್ಕೊಂಡೇ ಮಲಗತೀನಿ.
ಕನಸಿನ್ಯಾಗೂ ಬ್ರೇಕ್ ಹಿಡದಿರತೀನಿ.

ಕೋಣ ಓಡಸಾಕ ಬರಂಗಿಲ್ಲ, ಗೂಟಕ್ಕ ಕಟ್ಟಬಹುದು.
ಹಳದಿ ಹನಿ, ಮ್ಯಾಲ ನೀಲಿ ಬೆಳಕು,
ರೆಪ್ಪಿ ಮುಚ್ಚದಂಗ ಕ್ಲಿಪ್ಪು.
ಮೂರು ದಿನ ಕಣ್ಣಾಗ ಮೆಣಸಿನಕಾಯಿ ಒಲಿ.
ನೋಡೂದು ಸುಧಾರಿಸಲಿಲ್ಲ.
'ಸುಧಾರಿಸಾಕ ಅಲ್ಲ ಇದು, ನಿಲ್ಲಸಾಕ' ಅಂತ
ಮೊದಲ ಹೇಳಿದ್ದರು.
ಅಪ್ಪಗ ಅದು ಇನ್ನೂ ತಿಳದಿಲ್ಲ:
ರೊಕ್ಕ ಕೊಟ್ಟು ಇದ್ದಂಗ ಇರೂದು ಹೆಂಗ್ ಲಾಭ?

ಆಮ್ಯಾಲ ಲೆನ್ಸು. ಗಟ್ಟಿ, ಗಾಜಿನ ಬಟ್ಟಲದಂಗ.
ಅದರ ತುಂಬ ಸಲೈನ್, ಒಂದು ಗುಳ್ಳಿ ಸೈತ ಇರಬಾರದು.
ಮುಖ ನೆಲಕ್ಕ ಮಾಡಿ, ಉಸರು ಹಿಡದು,
ಹದಿನಾಕು ಸಲ ಬಿತ್ತು. ಹದಿನೈದಕ್ಕ ಕುಂತಿತು.
ತಲಿ ಎತ್ತಿದೆ.
ಬೇವಿನ ಗಿಡಕ್ಕ ಎಲಿ ಇದ್ದವು, ಎಲಿಗೆ ಹಲ್ಲಿದ್ದವು.
ಅವ್ವನ ಕೆನ್ನಿ ಮ್ಯಾಲ ಒಂದು ಸುಟ್ಟ ಕಲಿ,
'ಯಾವಾಗಾತ ಇದು?' ಅಂದೆ.
'ಆಗಿ ಎರಡು ವರ್ಷಾತು' ಅಂದಳು.

ಈಗ ಸುಂಟರಗಾಳಿ ಎದ್ದರ
ನಾ ಗುಂಪು ಬಿಟ್ಟು ಬದಿಗೆ ನಿಲ್ಲತೀನಿ.
ಲೆನ್ಸಿನಡಿ ಒಂದು ಕಣ ಮಣ್ಣು,
ಆದರ ಭಾರ ಒಂದು ಗಾಡಿಯಷ್ಟು.
ತಗದು, ತೊಳದು, ತುಂಬಿ, ಹಾಕ್ಕೊಳ್ಳೂದ್ರಾಗ
ಸಾವಕ್ಕ ದರ್ಗಾ ದಾಟಿರತಾಳ.
ಹಿಡಿತೀನಿ. ಒಮ್ಮೊಮ್ಮಿ ಹಿಡಿಯಂಗಿಲ್ಲ.

ಮೊನ್ನಿ ಹೊಸ ನಕಾಶಿ ಬಂತು, ಹಳೇದರ ಬಾಜೂಕ ಇಟ್ಟರು.
ಅದೇ ಕೆಂಪು, ಅಷ್ಟೇ ಅಗಲ.
ನಿಂತೈತಿ.
ಸರ್‌ಗೆ ಹೇಳಿದೆ, ನಕ್ಕರು:
ನಿಂತರ ಗೆದ್ದಂಗ ಅನ್ನೂ ರೇಸು ನಾ ಕಂಡಿಲ್ಲವಾ.

ಇವತ್ತು ಮಧ್ಯಾಹ್ನ ಕಟ್ಟಿ ಮ್ಯಾಲ
ತಮ್ಮ ಯಮನೂರ, ಒಂಬತ್ತು ವರ್ಷದಾಂವ,
ಅಭ್ಯಾಸ ಬರಕೋತ, ಎಡಗೈ ಮಡಚಿ
ಕಣ್ಣಿಗೆ ಒಯ್ದ.
ಹಾರಿ ಹೋಗಿ ಅವನ ಮುಂಗೈ ಹಿಡದೆ.
ಬುಧವಾರ ನಿನಗೂ ದವಾಖಾನಿ ಅಂದೆ.
'ಮತ್ತ ನೀ?' ಅಂದ.
ನೋಡಿದರ,
ನನ್ನ ಇನ್ನೊಂದು ಕೈ
ಗಲ್ಲದ ತನಕ ಬಂದು
ನಿಂತಿತ್ತು.