ಮುಷ್ಟಿ ಹಿಡಿದರೆ ನಿಲ್ಲು

ಮಿಡಿಗೇಶಿ ಬೆಟ್ಟದ ನೆತ್ತಿಗೆ ದಾರಿಯಿಲ್ಲ, ಗುರುತಷ್ಟೆ:
ಯಾರೋ ಉಳಿಯಲ್ಲಿ ಕಚ್ಚಿ ಬಿಟ್ಟ ಅರ್ಧರ್ಧ ಪಾದ.
ಮೇಲಿದ್ದ ವಯರ್‌ಲೆಸ್ಸಿನ ಗೋಪುರ
ತುಕ್ಕು ತಿಂದು ನಡು ಬಳುಕಿ,
ನಾವೇ ಹೋದವಾರ ಬಿಚ್ಚಿ ಬಂಡೆ ಮೇಲೆ ಒಟ್ಟಿದ್ದೆವು.
ಹೊಸದು ಕೆಳಗೆ, ಕಡಲೇಕಾಯಿ ಕಿತ್ತ ಹೊಲದಲ್ಲಿ
ಏಳು ತುಂಡಾಗಿ ಮಲಗಿತ್ತು.
ತುಂಡಿಗೆ ಆರುನೂರ ನಲವತ್ತು ಕಿಲೋ.

ಗೋಪುರ ಏರಿದಷ್ಟೂ ನಾನೂ ಏರಬೇಕು.
ಸೊಂಟದ ಬೆಲ್ಟು ಕಬ್ಬಿಣಕ್ಕೆ ಬಿಗಿದರೆ ಎರಡು ಕೈಯೂ ಖಾಲಿ.
ಅಂಗೈ ಕವುಚಿ ಅಲುಗಿಸಿದರೆ ಇಳಿ.
ಎಡಕ್ಕೆ ಚಾಚಿದರೆ ಎಡಕ್ಕೆ.
ಮುಷ್ಟಿ ಹಿಡಿದರೆ ನಿಲ್ಲು, ಇದ್ದಲ್ಲೇ, ಗಾಳಿಯಲ್ಲೇ.

ಆರೂಕಾಲಿಗೆ ಮೂಡ್ಲಗಿರಿಯಪ್ಪ ಹತ್ತಿ ಬಂದ.
ಯಾರೂ ಕರೆದಿರಲಿಲ್ಲ.
ಕೈಯಲ್ಲಿ ಚೊಂಬು, ಹೆಗಲ ಮೇಲೆ ಟವೆಲ್ಲು.
ಹಳೇ ಗೋಪುರ ಹೊತ್ತವರು ಹದಿನೆಂಟು ಜನ, ಇವನೊಬ್ಬ.
"ಒಂದೊಂದು ಕಬ್ಬಿಣಕ್ಕೆ ಏಳು ರೂಪಾಯಿ. ಅಗಾ, ಆ ಕೋಡುಗಲ್ಲು,
ಅಲ್ಲೇ ಹೆಗಲು ಬದಲಾಯಿಸ್ತಿದ್ದಿದ್ದು. ಬ್ಯಾರೆ ಜಾಗಾನೇ ಇರ್ಲಿಲ್ಲ."
ಎಷ್ಟು ದಿನ ಹಿಡೀತು?
"ಮಾವು ಹೂಬಿಟ್ಟಾಗ ಶುರು. ಹಣ್ಣು ತಿಂದೇ ಇಳಿದದ್ದು."

ಹೆಲಿಕಾಪ್ಟರು ಮೊದಲು ಎದೆಗೂಡಿಗೆ ಬರುತ್ತದೆ, ಆಮೇಲೆ ಕಿವಿಗೆ.
ಬಾದೆ ಹುಲ್ಲು ಬಂಡೆಗೆ ಅಂಟಿತು.
ಮೂಡ್ಲಗಿರಿಯಪ್ಪನ ಟವೆಲ್ಲು ಹಾರಿ ಪಾವಗಡದ ಕಡೆ ಹೋಯಿತು.
ಆಗ ಕಂಡಿತು, ಹೆಗಲ ಮೇಲೆ ದಡ್ಡುಗಟ್ಟಿದ ಚರ್ಮ,
ಎತ್ತಿನ ಕತ್ತಿಗಿರುವಂಥದು.

ನೂರಡಿ ಹಗ್ಗದ ತುದಿಯಲ್ಲಿ ಮೊದಲ ತುಂಡು.
ಕ್ಯಾಪ್ಟನ್ ಬೋರಾ ಬಾಗಿಲಿಂದ ಅರ್ಧ ಆಚೆ ಬಾಗಿ,
ಬಾವಿಗೆ ಬಿದ್ದ ಕೊಡವನ್ನು
ಪಾತಾಳಗರಡಿ ಇಳಿಬಿಟ್ಟು ಹುಡುಕುವವಳ ಹಾಗೆ
ಕೆಳಗೇ ನೋಡುತ್ತಿದ್ದಳು.

ಬಂದ ಕೂಡಲೇ ಮುಟ್ಟಬಾರದು.
ಗಾಳಿ ಉಜ್ಜಿ ಉಜ್ಜಿ ಮೈಯೆಲ್ಲ ಕರೆಂಟು ತುಂಬಿಕೊಂಡಿರುತ್ತದೆ.
ಮೊದಲು ತಾಮ್ರದ ಕೋಲು. ಚಟ್ಟೆಂದು ಒಂದು ನೀಲಿ.
ಆಮೇಲೆ ಕೈ.

ಆರು ಕೂತವು, ತೂತಿಗೆ ತೂತು.
ಏಳನೆಯದು ಬರುವಾಗ ಬಂಡೆ ಕಾದು ಗಾಳಿ ಎದ್ದಿತ್ತು.
ತುಂಡು ನನ್ನ ತಲೆ ಮೇಲೆ ಆ ಕಡೆ ಒಂದು ಮೊಳ, ಈ ಕಡೆ ಒಂದು ಮೊಳ.
ಕೈಸನ್ನೆ ಸಾಲದೆ ರೇಡಿಯೋ ಒತ್ತಿದೆ.
ಹಿಂದಿ ಮರೆತುಹೋಯಿತು. ಬರುವ ನಾಲ್ಕಕ್ಷರ ಇಂಗ್ಲಿಷೂ.
"ಎರಡಡಿ. ಅಡಿ. ಗೇಣು. ನಾಕು ಬೆರಳು.
ಚೂರು. ಇನ್ನೊಂಚೂರು. ಎಳ್ಳಷ್ಟು."
ಎಳ್ಳಷ್ಟು ಅಂದರೆ ಅವಳಿಗೇನು ಗೊತ್ತು,
ಬ್ರಹ್ಮಪುತ್ರದ ದಡದವಳು.
ಎಳ್ಳಷ್ಟೇ ಇಳಿಸಿದಳು.
ಪಕ್ಕದಲ್ಲಿ ಖಾದರ್‌ವಲಿ ಪಿನ್ನು ಜಡಿದ.

ಕೊನೆಗೆ ಹಳೇ ಕಬ್ಬಿಣ. ಬಲೆಗೆ ತುಂಬುತ್ತಿದ್ದೆವು.
ಮೂಡ್ಲಗಿರಿಯಪ್ಪ ಒಂದು ಪಟ್ಟಿಯ ಮೂಲೆ ಸವರಿ,
ಬೋಲ್ಟಿನ ತೂತಿಗೆ ಬೆರಳು ಹಾಕಿ
"ಇದು ಕಾಟಯ್ಯಂದು," ಅಂದ. "ಸೊಟ್ಟಗೈತಲ್ಲ.
ಕೋಡುಗಲ್ಲಿನ ಹತ್ರ ಜಾರಿ ಬಿತ್ತು."
ಕಬ್ಬಿಣವಾ, ಕಾಟಯ್ಯನಾ? ಅಂತ ಕೇಳಿದೆ.
ಅಷ್ಟರಲ್ಲಿ ರೆಕ್ಕೆಯ ಸದ್ದು.
ಅವನ ತುಟಿ ಆಡಿದ್ದು ಕಂಡೆ, ಅಷ್ಟೆ.
"ಹೊರಿಸಿದೋರು ಇಳಿಸಿ ಅಂತ ಯಾವತ್ತೂ ಕೇಳ್ಲಿಲ್ಲ ನೋಡು,"
ಅದು ಮಾತ್ರ ಆಮೇಲೆ ಹೇಳಿದ,
ಬಲೆ ಕೋಡುಗಲ್ಲನ್ನು
ಹೆಗಲು ಬದಲಾಯಿಸದೆ ದಾಟಿ ಹೋದ ಮೇಲೆ.

ಇಳಿಯುವಾಗ ಚೊಂಬು ಮರೆತಿದ್ದ. ನಾನೇ ತಂದುಕೊಟ್ಟೆ.

ರಾತ್ರಿ ಮಧುಗಿರಿಯ ಬಾಡಿಗೆ ಮನೆ. ಹುರುಳಿ ಬಸ್ಸಾರು.
ಕಿವಿಯಲ್ಲಿನ್ನೂ ಫ್ಯಾನು ತಿರುಗುತ್ತಿತ್ತು.
ಹೆಂಡತಿ ಬಡಿಸುತ್ತಿದ್ದಳು; ಸಾಕು ಅನ್ನಿಸಿ
ಕೈ ಎತ್ತಿ ಮುಷ್ಟಿ ಹಿಡಿದೆ.
ಸೌಟು ನಿಲ್ಲಲಿಲ್ಲ.
ಮುದ್ದೆ ಮುಳುಗಿ ತಟ್ಟೆಯ ಅಂಚಿಗೆ ಬಂತು ಸಾರು.
"ಬಾಯಲ್ಲಿ ಹೇಳಬಾರ್ದಾ?" ಅಂದಳು.