ಸ್ಯಾಂಪಲ್ ಬ್ಯಾಗು

ಇಪ್ಪತ್ತೊಂದು ವರ್ಷ ಹೊತ್ತು ಹೊತ್ತು
ನನ್ನ ಬಲಭುಜ ಒಂದು ಬೊಟ್ಟು ಕೆಳಗ ಇಳದೈತಿ.
ಟೇಲರ್ ಮೌನೇಶಗ ಮಾತ್ರ ಗೊತ್ತದು,
ಅಂಗಿ ಅಳತಿ ತಗೊಳ್ಳೂ ಮುಂದ ನಗತಿದ್ದ:
"ಸಾಹೇಬರ, ತಕ್ಕಡಿ ಹಂಗ ನಿಂತೀರಲ್ರಿ."

ಸೋಮವಾರ ಗದಗ. ಮಂಗಳವಾರ ರೋಣ, ಗಜೇಂದ್ರಗಡ,
ರಾತ್ರಿ ಅಲ್ಲೇ ಲಾಡ್ಜು, ಗ್ವಾಡಿ ಆಚೆ ಯಾರದೋ ಕೆಮ್ಮು.
ಗುರುವಾರ ಹಾವೇರಿ, ರಾಣೇಬೆನ್ನೂರು.
ಶುಕ್ರವಾರ ಎಲ್ಲಿದ್ದೆ ಅನ್ನೂದು
ಶನಿವಾರ ರಿಪೋರ್ಟ್ ಬರಿಯೂ ಮುಂದಷ್ಟ ನೆನಪಾಗತಿತ್ತು.
ಕೊರಳಾಗಿನ ಟೈ ಬೈಕಿನ ಗಾಳಿಗೆ ಹೆಗಲ ಮ್ಯಾಲೆ ಹಾರಿ
ಬಿಟ್ಟು ಬಂದ ಊರನ್ನ ಹೊಳ್ಳಿ ಹೊಳ್ಳಿ ನೋಡತಿತ್ತು.

ಕಬ್ಬಿಣದ ಟಾನಿಕ್ಕು, ಫೋಲಿಕ್ ಆ್ಯಸಿಡ್,
ಬಸುರಿ ಹೆಂಗಸರ ಕ್ಯಾಲ್ಸಿಯಂ.
"ತಾಯಿಗೂ ಒಳ್ಳೇದ್ರಿ, ಕೂಸಿಗೂ ಒಳ್ಳೇದ್ರಿ"
ಎಷ್ಟು ಸಾವಿರ ಸಲ ಅಂದೇನೋ,
ನಲವತ್ತು ಸೆಕೆಂಡಿನ್ಯಾಗ,
ಡಾಕ್ಟರ ಕಣ್ಣು ಮುಂದಿನ ಚೀಟಿಗೆ ಹೋಗೂದ್ರೊಳಗ.
ಮನ್ಯಾಗ ಮಾತ್ರ ಹದಿನೇಳು ವರ್ಷ
ಆ ಮಾತು ಯಾರೂ ಎತ್ತಲಿಲ್ಲ.
ಹಬ್ಬಕ್ಕ ಬಂದವರು ಎತ್ತಿದ್ರ
ಇಂದುಮತಿ ಒಳಗ ಹೋಗಿ
ತೊಳದಿಟ್ಟ ಭಾಂಡೆ ಮತ್ತೊಮ್ಮೆ ತೊಳೀತಿದ್ದಳು.

ಆಮ್ಯಾಲೆ ಒಂದಿನ ಹುಬ್ಬಳ್ಳಿಯ ಅದೇ ದವಾಖಾನಿ,
ಅದೇ ಹಸಿರು ಬಾಕು, ನನ್ನ ಕೈಯಾಗ ಬ್ಯಾಗಿಲ್ಲ.
ಸಿಸ್ಟರ್ ನನ್ನ ಮಾರಿ ನೋಡಿದವಳೇ
"ಇವತ್ತ ಕಂಪನಿಯವರನ್ನ ನೋಡಂಗಿಲ್ರಿ" ಅಂದ್ಳು.
"ಕಂಪನಿ ಕಡಿಂದ ಬಂದಿಲ್ರಿ" ಅಂದೆ.
ಮುಂದ ಏನ್ ಅನಬೇಕು ತಿಳೀಲಿಲ್ಲ.
ಇಂದುಮತಿ ಅಂದ್ಳು, "ನನ್ನ ಕಡಿಂದ ಬಂದಾರ."
ಅಕಿಗೆ ನಲವತ್ತೊಂದು. ನನಗ ನಲವತ್ತಾರು.

ಕೂಸು ಹುಟ್ಟಿ ಏಳು ತಿಂಗಳು
ನಾ ಶನಿವಾರದ ಅಪ್ಪ.
ಬೂಟು ಬಿಚ್ಚಿ ಕೈ ತೊಳದು ಎತ್ತಿಕೊಂಡ್ರ
ನನ್ನ ಮಾರಿ ನೋಡತಿದ್ದಳು, ಡಾಕ್ಟರ್ ನೋಡಿದಂಗ,
ನಲವತ್ತು ಸೆಕೆಂಡು,
ಆಮ್ಯಾಲೆ ಅವ್ವನ ಕಡೆ ಕೈ ಚಾಚತಿದ್ದಳು.

ನಾ ಬೆರಳು ಮಡಚಿ ಲೆಕ್ಕ ಹಾಕಿದೆ.
ಅಕಿ ಹತ್ತನೇತ್ತೆ ಬರೂದ್ರೊಳಗ ನನಗ ಅರವತ್ತೆರಡು.
ಸಾಲಿ ಗೇಟಿನ್ಯಾಗ ನಿಂತ್ರ
"ನಿಮ್ಮಜ್ಜ ಬಂದಾನ" ಅಂತಾವ ಹುಡುಗೂರು.
ಅನ್ಲಿ.
ಗೇಟಿನ್ಯಾಗ ನಿಂತಿರಬೇಕಲ್ಲ, ಅಷ್ಟು ಅನಿಸ್ಕೋಳಾಕ.

ಇಪ್ಪತ್ತೊಂಬತ್ತರ ಮ್ಯಾನೇಜರ್ ಫೋನಿನ್ಯಾಗ ಬೆರಗಾದ:
"ಪ್ರಮೋಷನ್ ಹೊಸ್ತಿಲಿಗೆ ಬಂದೈತಿ, ಈಗ ಬಿಡ್ತೀರಾ?"
ನಮ್ಮ ಹೊಸ್ತಿಲಿಗೆ ಆಗ
ಅಕಿ ಅಂಬೆಗಾಲಿಟ್ಟು ಬಂದು ಕುಂತಿದ್ದಳು.
ಹೇಳಿದ್ರ ಅವಗ ತಿಳೀತಿದ್ದಿಲ್ಲ. ಹೇಳಲಿಲ್ಲ.

ಈಗ ಧಾರವಾಡದ ಸಪ್ತಾಪುರದಾಗ, ಹೆಬಸೂರ ಮೆಡಿಕಲ್ಸು.
ಮುಂಜಾನೆ ಎಂಟಕ್ಕ ಶಟರ್, ಮೂರಕ್ಕ ಮನಿ.
ಪಗಾರ ಅರ್ಧಕ್ಕಿಂತ ಕಡಿಮಿ, ಬೈಕು ಮಾರೇವಿ.
ಟ್ರಂಕಿನ್ಯಾಗಿದ್ದ ಡಿ.ಫಾರ್ಮ್ ಸರ್ಟಿಫಿಕೇಟು
ಕಾಜಿನ ಕಟ್ಟು ಹಾಕಿಸ್ಕೊಂಡು ಗ್ವಾಡಿ ಏರೈತಿ.
ಮೊದಲ ಆರ್ಡರಿಗೆ ತಾಸುಗಟ್ಟಲೆ ನಿಂದರಸ್ತಿದ್ದ ಹೆಬಸೂರ
ಮೊದಲ ದಿನ ತಾನ ಸ್ಟೂಲು ಒರಸಿ
"ಕುಂದರ್ರಿ" ಅಂದ.
ಕುಂದರೂದು ನನಗ ವಾರದ ಮ್ಯಾಲೆ ಬಂತು.

ಸುಳ್ಳು ಯಾಕ ಹೇಳಲಿ,
ಸೋಮವಾರ ಆರಕ್ಕ ಎಚ್ಚರಾದ್ರ
ಬಲಗೈ ಎಕ್ಸಿಲೇಟರ್ ತಿರುವತೈತಿ ಚಾದರಿನ ಒಳಗ.
ಅಣ್ಣಿಗೇರಿ ದಾಟಿದ ಮ್ಯಾಲಿನ ಕರೀ ಹೊಲ,
ಸೂರ್ಯಪಾನದ ಹೂವು, ಆ ಚಾದಂಗಡಿ ಮುದುಕಿ
"ಬಂದ್ಯಾ ಔಷಧಿ ಸಾಬ" ಅನ್ನೂದು.
ಅಕಿಗೆ ಯಾರು ಹೇಳ್ಯಾರು ನಾ ಬರೂದಿಲ್ಲಂತ?

ಮಧ್ಯಾಹ್ನ ಹೊಸ ರೆಪ್ಪು ಬರತಾನ, ಮೀಸಿ ಈಗ ಚಿಗತಾವ.
"ಸರ್, ತಾಯಿಗೂ ಒಳ್ಳೇದು..."
ಪೂರ್ತಿ ಹೇಳಾಕ ಬಿಡತೇನಿ.
ಹೋಗೂ ಮುಂದ ಅಂತೇನಿ,
"ತಮ್ಮಾ, ಭುಜ ಬದಲಿ ಮಾಡ್ತಿರು."

ಹ್ವಾದ ವಾರ ಮೌನೇಶನ ಹತ್ತಿರ ಹೋಗಿದ್ದೆ,
ಅಕಿ ಅಂಗಿಗೆ ಅಳತಿ ಕೊಡಾಕ.
ಹೆಗಲ ಮ್ಯಾಲಿದ್ದ ಕೂಸು ನೋಡಿ ಅಂದ,
"ಎಡಕ್ಕ ಎತ್ತಿಕೊಳ್ರಿ ಸಾಹೇಬರ, ತಕ್ಕಡಿ ಸಮ ಆಕ್ಕತಿ."
ಬಲಕ್ಕ ರೂಢಿ ಐತಿ ಬಿಡೋ, ಅಂದೆ.