ಊರುಗೋಲು

ಪೈಪ್ಸಿ ಸರೋವರದ ದಂಡೆಗೆ ನಮ್ಮೂರು ಒಂದೇ ಬೀದಿ:
ಏಳು ಕಿಲೋಮೀಟರ್ ಉದ್ದ, ಎರಡು ಮನೆ ಅಗಲ.
ಹಿತ್ತಿಲೆಲ್ಲ ಹೆಂಗಸರದು, ನೀರೆಲ್ಲ ಗಂಡಸರದು.
ನಲವತ್ತೊಂದು ವರ್ಷ ನಾನು ಆ ಗಡಿ ದಾಟಿದವನಲ್ಲ.

ಆಗಸ್ಟಿನಲ್ಲಿ ಫೆವ್ರೋನ್ಯಾ ಅಟ್ಟದ ಏಣಿಯಿಂದ ಬಿದ್ದಳು,
ಬೆಳ್ಳುಳ್ಳಿಯ ಜಡೆ ತೂಗುಹಾಕಲು ಹೋಗಿ.
ಸೊಂಟ ಮುರಿಯಿತು, ಕೈ ಮಾತ್ರ ಜಡೆ ಬಿಡಲಿಲ್ಲ.
ಆಂಬುಲೆನ್ಸಿನ ಹುಡುಗ ಅವಳ ಜೊತೆ ಅದನ್ನೂ ಎತ್ತಿಕೊಂಡ;
ಟಾರ್ಟುವಿನ ಆಸ್ಪತ್ರೆಯ ವಾರ್ಡು
ಮೂರು ದಿನ ಒಗ್ಗರಣೆಗೆ ಕಾದ ಹಾಗೆ ಘಮಗುಟ್ಟಿತಂತೆ.

ಅಕ್ಟೋಬರ್.
ಅವಳು ಕಿಟಕಿಯ ಒಳಗೆ, ಕುರ್ಚಿಯಲ್ಲಿ.
ನಾನು ಹೊರಗೆ, ಸರೋವರದ ಕೆಸರು ಪೇರಿಸಿದ ಎತ್ತರದ ಮಡಿಯ ಮುಂದೆ,
ಗಡ್ಡ ಬಂದ ಮೇಲೆ ಶಾಲೆಗೆ ಸೇರಿದವನಂತೆ.

‘ದಪ್ಪ ಎಸಳು ಮಣ್ಣಿಗೆ, ಸಣ್ಣವು ಸಾರಿಗೆ’ ಅಂದಿದ್ದಳು.
ಇದೆಂಥ ಲೆಕ್ಕ?
ಬಲೆಗೆ ಬಿದ್ದ ದೊಡ್ಡ ಮೀನನ್ನು ಯಾರಾದರೂ
ನೀರಿಗೇ ಮರಳಿ ಬಿಡುತ್ತಾರೆಯೇ?
ಬಾಯಿ ಬಿಡಲಿಲ್ಲ. ದಪ್ಪವನ್ನೇ ಆರಿಸಿದೆ.

ಅವಳ ಊರುಗೋಲನ್ನೇ ಕೊಟ್ಟಿದ್ದಳು ತೂತು ಮಾಡಲು,
ತುದಿಯಿಂದ ಮೂರು ಬೆರಳು ಮೇಲಕ್ಕೆ ಕೆಂಪು ದಾರ ಕಟ್ಟಿ.
ಅಷ್ಟು ದಿನ ಅವಳ ಭಾರ ಊರಿದ ಕೋಲು
ಈಗ ಎಸಳು ಊರಲು ನಿಂತಿತು.
ಹೆಸರಿಗೆ ತಕ್ಕ ಕೆಲಸ ಸಿಕ್ಕಿದ್ದು ಆವತ್ತೇ ಇರಬೇಕು.

ಮಾತು ಗಾಜು ದಾಟುವುದಿಲ್ಲ, ಅದಕ್ಕೇ ಉಂಗುರದ ಭಾಷೆ:
ಒಂದು ತಟ್ಟು, ಇನ್ನೂ ಆಳ.
ಎರಡು ತಟ್ಟು, ಒತ್ತೊತ್ತಾಯಿತು.
ಮೂರು ತಟ್ಟಿದಳು. ಮೂರಕ್ಕೆ ನಾವು ಏನೂ ಗೊತ್ತುಮಾಡಿರಲಿಲ್ಲ.
ಮತ್ತೆ ಮೂರು. ಮತ್ತೆ.
ಚಹಾ ಆಯಿತೇನೋ ಅಂದುಕೊಂಡೆ. ಕೈ ಬೀಸಿದೆ:
ಬಂದೆ, ಈ ಸಾಲು ಮುಗಿಸಿ.
ಅವಳು ಜಪದ ಚರ್ಮದ ಪಟ್ಟಿ ಎತ್ತಿಕೊಂಡಳು.
ನನ್ನ ಎಸಳು ಎಣಿಸುತ್ತಿದ್ದಾಳೆ ಅಂದುಕೊಂಡೆ;
ದೇವರಿಗೆ ದೂರು ಕೊಡುತ್ತಿದ್ದಳು.

ಜೊಂಡು ಹೊದಿಸಿದೆ. ಹಿಮ ಬಿತ್ತು. ಸರೋವರ ಮುಚ್ಚಿಕೊಂಡಿತು.
ಚಳಿಗಾಲವಿಡೀ ಹಿಮಗಡ್ಡೆ ಕೊರೆದು ಕೂತೆ, ಎಂದಿನಂತೆ.
ತೂತು ನನಗೆ ಹೊಸದಲ್ಲ;
ಸಾವಿರಗಟ್ಟಲೆ ಕೊರೆದಿದ್ದೇನೆ, ಎಲ್ಲವೂ
ಏನನ್ನಾದರೂ ಮೇಲೆತ್ತಲು.
ಹಾಕಿ, ಮುಚ್ಚಿ, ಬೆನ್ನು ತಿರುಗಿಸಿ ಬಂದದ್ದು ಇದೇ ಮೊದಲು.
ಗಾಳ ಅಲುಗದ ಹೊತ್ತಿನಲ್ಲಿ ಹಿತ್ತಿಲಿನದೇ ಯೋಚನೆ.
ಅಲ್ಲಿ ಯಾರು ಎಳೆಯುತ್ತಾರೆ ದಾರ?

ಏಪ್ರಿಲ್ ಕೊನೆಗೆ ಪಕ್ಕದ ಉಸ್ತೀನ್ಯಾ ಬೇಲಿಯಾಚೆಯಿಂದ ಕೂಗಿದಳು:
‘ಜಿನೋವಿ, ನಿನ್ನ ಬೆಳ್ಳುಳ್ಳಿಗೆ ಕತ್ತು ಉಳುಕಿದೆ!’
ಹೌದು. ಮೊದಲ ಮಡಿಯಲ್ಲಿ ಮೊಳಕೆ ನೆಟ್ಟಗೆ ಒಂದೂ ಇಲ್ಲ.
ಒಂದು ಪಶ್ಚಿಮಕ್ಕೆ ಬಾಗಿ ಎದ್ದಿದೆ,
ಇನ್ನೊಂದು ಅದರ ಕಾಲಡಿಯಿಂದ, ಕ್ಷಮೆ ಕೇಳುತ್ತಾ.
ನೆಟ್ಟದ್ದು ಬುಡ ಮೇಲೆ, ತುದಿ ಕೆಳಗೆ.

ಆ ಎಸಳು ಕತ್ತಲಲ್ಲಿ ಕೆಳಕ್ಕೇ ಹೊರಟು,
ಎಲ್ಲೋ ತಡೆದು, ಇದು ದಾರಿಯಲ್ಲ ಎಂದು
ತನ್ನ ಮೈಯನ್ನೇ ಬಳಸಿ ಮೇಲೆ ಬಂದಿತ್ತು.
ಹೇಳಿದವರು ಯಾರು ಅದಕ್ಕೆ? ಅಲ್ಲಿ ಗಾಜೂ ಇಲ್ಲ, ಉಂಗುರವೂ ಇಲ್ಲ.

ಒಂದನ್ನು ಕಿತ್ತು ಒಳಗೊಯ್ದೆ.
ಫೆವ್ರೋನ್ಯಾ ನೋಡಿದಳು, ನನ್ನನ್ನೂ ನೋಡಿದಳು.
ಆಗಸ್ಟಿನಿಂದ ಬಾರದ ನಗು ಸೊಂಟ ನೋಯುವಷ್ಟು ಬಂತು.
‘ಮೂರು ತಟ್ಟಿದೆನಲ್ಲಾ!’
‘ಚಹಾ ಅಂದುಕೊಂಡೆ.’
‘ಚಹಾ!’ ಅಂದಳು. ಕಣ್ಣೊರೆಸಿಕೊಂಡು ಮತ್ತೆ, ‘ಚಹಾ!’

ಜುಲೈಯಲ್ಲಿ ಕಿತ್ತಾಗ ಗಡ್ಡೆ ಚಿಕ್ಕವು, ಒಂದು ಮಗ್ಗುಲು ಚಪ್ಪಟೆ,
ರಸ್ತೆಬದಿಯ ಮೇಜಿನಲ್ಲಿ ಮಾರಿಯಾರೆಂದರೆ ನಾಚಿಕೆ.
ಅವಳು ಅವನ್ನೂ ಹೆಣೆದಳು. ಜಡೆ ಸೊಟ್ಟಗಾಯಿತು.
ಈ ಸಲ ಏಣಿ ಹತ್ತಿದ್ದು ನಾನು.

ಈಗ ಅವಳು ಬೇಲಿಯವರೆಗೆ ಕೋಲಿಲ್ಲದೆ ನಡೆಯುತ್ತಾಳೆ.
ಆದರೂ ಅಕ್ಟೋಬರ್ ಬಂದೊಡನೆ
ಕುರ್ಚಿಯನ್ನು ಕಿಟಕಿಗೇ ಎಳೆದುಕೊಂಡು,
ಊರುಗೋಲು ನನ್ನ ಕೈಗಿತ್ತಳು: ‘ಇನ್ನು ಇದು ನಿನಗೇ ಬೇಕು.’

ಮೊದಲ ತೂತು. ದಪ್ಪ ಎಸಳು.
ಗಾಜಿಗೆ ಮೂರು ತಟ್ಟು.
ಚಹಾ ಇರಬಹುದು.
ಎಸಳನ್ನು ತಿರುಗಿಸಿ ನೋಡುತ್ತೇನೆ, ಯಾವುದಕ್ಕೂ.